ತಪ್ಪಿಲ್ಲದೆ ಬಿಡುಗಡೆಯಿಲ್ಲವೇ?

ವಿಚ್ಛೇದನದ ಕಾನೂನು ಎಲ್ಲ ಧರ್ಮದವರಿಗೂ ಒಂದೇ ಆಗಬೇಕೇ ಎಂದು ವಾದಿಸುವ ಎರಡೂ ಕಡೆಯವರು ಒಂದು ಮಾತನ್ನು ಒಪ್ಪಿಕೊಂಡೇ ಹೊರಡುತ್ತಾರೆ: ಈಗಿರುವ ಕಾನೂನುಗಳು ಆಯಾ ಧರ್ಮದಿಂದ ಹುಟ್ಟಿದವು ಎಂದು. ನನ್ನ ತಕರಾರು ಇರುವುದೇ ಅಲ್ಲಿ.

ಕ್ರೈಸ್ತರಿಗೆ ಅನ್ವಯಿಸುವ 1869ರ ಕಾಯ್ದೆಯನ್ನೇ ನೋಡಿ. ಗಂಡ ಹೆಂಡತಿಯ ವ್ಯಭಿಚಾರವನ್ನು ಸಾಬೀತು ಮಾಡಿದರೆ ಸಾಕಿತ್ತು. ಹೆಂಡತಿಯಾದರೆ ಸಾಮಾನ್ಯವಾಗಿ ಅದರ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದದ್ದನ್ನೋ ತೋರಿಸಬೇಕಿತ್ತು. ಹೊಡೆತ ಬಡಿತವೊಂದೇ ಕಾರಣವಾದರೆ ಆಕೆಗೆ ಬಿಡುಗಡೆ ಇರಲಿಲ್ಲ. ಇದು ಚರ್ಚಿನ ನಿಯಮವಲ್ಲ. ಕ್ಯಾಥೊಲಿಕ್ ಚರ್ಚು ವಿಚ್ಛೇದನವನ್ನೇ ಒಪ್ಪುವುದಿಲ್ಲ. ಇಂಗ್ಲೆಂಡಿನ 1857ರ ಕಾಯ್ದೆಯಿಂದ ಬಂದದ್ದು ಇದು. ಇಂಗ್ಲೆಂಡು ಈ ಭೇದವನ್ನು 1923ರಲ್ಲೇ ಕೈಬಿಟ್ಟಿತು. ನಮ್ಮ ಸಂಸತ್ತು ತಿದ್ದಿದ್ದು 2001ರಲ್ಲಿ! ಅಷ್ಟು ವರ್ಷ ಆ ಹೆಂಗಸರು ತೆತ್ತದ್ದು ಧರ್ಮದ ಬೆಲೆಯಲ್ಲ, ನಮ್ಮ ಅಸಡ್ಡೆಯ ಬೆಲೆ.

ಹನಫಿ ಪಂಥದ ನಿಯಮದಲ್ಲಿ ಮುಸ್ಲಿಂ ಹೆಂಡತಿಗೂ ದಾರಿ ಬಹಳ ಕಿರಿದಾಗಿತ್ತು. ಮದುವೆ ಮುರಿಯಲೆಂದೇ ಕೆಲವು ಹೆಂಗಸರು ಮತ ಬಿಡತೊಡಗಿದಾಗ ಅಶ್ರಫ್ ಅಲಿ ಥಾನವಿಯವರಂಥ ಉಲೇಮಾಗಳೇ ಮಾಲಿಕಿ ಪಂಥದಿಂದ ಪರಿಹಾರ ಹುಡುಕಿದರು. 1939ರ ಕಾಯ್ದೆಗೆ ಅದೇ ಬುನಾದಿ. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ, ಎರಡು ವರ್ಷ ಆತ ಜೀವನಾಂಶ ಕೊಡದಿದ್ದರೆ ಆಕೆ ಕೋರ್ಟಿನಲ್ಲಿ ಬಿಡುಗಡೆ ಕೇಳಬಹುದು. ಒಂದೇ ಉಸಿರಿನ ತ್ರಿವಳಿ ತಲಾಖ್ 2017ರಲ್ಲಿ ರದ್ದಾದದ್ದೂ ಮುಸ್ಲಿಂ ಮಹಿಳೆಯರೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ.

ಹಿಂದೂ ಮದುವೆ ಮುರಿಯದ ಬಂಧ ಎನ್ನುವುದು ಕೂಡ ಕೆಲವೇ ಜಾತಿಗಳ ಮಾತು. ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಹಿರಿಯರ ಮುಂದೆ ಸೋಡಚೀಟಿ ಬರೆದು ಬೇರೆಯಾಗುತ್ತಿದ್ದರು. ಹೆಣ್ಣು ಉಡಿಕೆಯಾಗಿ ಮತ್ತೆ ಸಂಸಾರ ಹೂಡುತ್ತಿದ್ದಳು. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ಇಂಥ ರೂಢಿಗಳನ್ನು ಉಳಿಸಿದೆ.

ಆದರೆ ಆ ರೂಢಿಯಿಲ್ಲದವರ ಗತಿ? ಪರಸ್ಪರ ಒಪ್ಪಿಗೆಯ ವಿಚ್ಛೇದನ 1976ರಲ್ಲಿ ಬಂತು. ಒಬ್ಬರು ಒಪ್ಪದಿದ್ದರೆ ಇನ್ನೊಬ್ಬರ ತಪ್ಪು ಹುಡುಕಬೇಕು, ಇಲ್ಲವೇ ಹೊಸೆಯಬೇಕು. ಮಲಗುವ ಕೋಣೆಯ ಮಾತೆಲ್ಲ ಪಾಟೀಸವಾಲಿಗೆ ಬರುತ್ತದೆ. ಮದುವೆ ಸರಿಪಡಿಸಲಾಗದಂತೆ ಮುರಿದಿರುವುದೇ ಕಾರಣವಾಗಲಿ ಎಂದು ಕಾನೂನು ಆಯೋಗ 1978ರಲ್ಲೇ ಹೇಳಿತ್ತು. 2023ರಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 142ನೇ ವಿಧಿಯಡಿ ಹಾಗೆ ಬಿಡುಗಡೆ ಕೊಡಬಹುದೆಂದಿತು. ಆದರೆ ಆ ಅಧಿಕಾರ ಅದೊಂದಕ್ಕೇ. ಕಲಬುರಗಿಯ ಕೌಟುಂಬಿಕ ನ್ಯಾಯಾಲಯಕ್ಕೆ ಅದಿಲ್ಲ.

ತಪ್ಪು ತೋರಿಸದೆ ಬಿಡಬಹುದಾದರೆ ಗಂಡಂದಿರು ಹೆಂಡತಿಯರನ್ನು ಬೀದಿಗೆ ತಳ್ಳಲಾರರೇ? ಈ ಭಯ ನಿಜ, ನಾನದನ್ನು ತಳ್ಳಿಹಾಕಲಾರೆ. ಅದಕ್ಕೇ ಬಿಡುಗಡೆಯ ಜೊತೆ ಆಸ್ತಿಯೂ ಬರಬೇಕು. 2013ರಲ್ಲಿ ರಾಜ್ಯಸಭೆ ಒಪ್ಪಿದ ಮಸೂದೆಯಲ್ಲಿ ಎರಡೂ ಇದ್ದವು. ಲೋಕಸಭೆಯ ಅವಧಿ ಮುಗಿದು ಅದು ಬಿದ್ದುಹೋಯಿತು. ಅದಾದರೂ ಹಿಂದೂ ವಿವಾಹ ಮತ್ತು ವಿಶೇಷ ವಿವಾಹ ಕಾಯ್ದೆಗಳಿಗಷ್ಟೇ ಸೀಮಿತವಾಗಿತ್ತು. ಏಕರೂಪದ ಮಾತಾಡುವವರು, ಬೇಡವೆನ್ನುವವರು, ಇಬ್ಬರೂ ಮೊದಲು ಆ ಮಸೂದೆಯನ್ನು ಮತ್ತೆ ಸದನಕ್ಕೆ ತರಲಿ, ಮಿಕ್ಕ ಕಾಯ್ದೆಗಳನ್ನೂ ಅದರೊಳಗೆ ಸೇರಿಸಿ.