ಹಿತ್ತಿಲ ಮರೆ

ದನಕರು ನುಗ್ಗದಂತೆ ಗೂಟ ನೆಟ್ಟು ಮುಳ್ಳು ಕಟ್ಟಿದವನ ಮೇಲೆ ನೆರೆಯವನಿಗೆ ಮುನಿಸಿಲ್ಲ. ಅದೇ ಬೇಲಿಗೆ ಆತನು ಒಂದು ದಿನ ಸೋಗೆಯ ತಡಿಕೆಯನ್ನೋ ತಗಡನ್ನೋ ಬಿಗಿದನೆಂದರೆ, ‘ನಮ್ಮ ಕಣ್ಣು ಇವರಿಗೇನು ಕೇಡು ಮಾಡಿತ್ತು?’ ಎಂಬ ಮಾತು ಹುಟ್ಟುತ್ತದೆ. ಬೇಲಿಯು ನೆಲದ ಮೇರೆಯನ್ನು ತೋರಿಸುವಂಥದು. ಮರೆಯು ನೋಟವನ್ನು ತಡೆಯುವಂಥದು. ಹಾಗಾದರೆ ಮರೆಯನ್ನು ಬಯಸುವುದು ನೆರೆಯವರನ್ನು ಅವಮಾನಿಸಿದಂತೆಯೆ?

ಮರೆಯ ಅಗತ್ಯ ಯಾರಿಗೆಂಬುದನ್ನು ಮೊದಲು ನೋಡಬೇಕು. ಚನ್ನಗಿರಿ, ನ್ಯಾಮತಿಗಳ ತೋಟದ ಸೀಮೆಯಲ್ಲಿ ಅಡಿಕೆಯ ಸೋಗೆ ಕೈಗೆಟಕುವ ವಸ್ತು. ತುಂಗಭದ್ರೆಯ ದಡದ ಹೊನ್ನಾಳಿಯ ಕಡೆ ತೆಂಗಿನ ಗರಿಗೆ ಬಡತನವಿಲ್ಲ. ಮಳೆ ಕಡಮೆಯಾದ ಜಗಳೂರಿನ ಕಡೆಯಲ್ಲಾದರೋ ಕತ್ತಾಳೆ, ಜಾಲಿಗಳೇ ಬೇಲಿಯ ಆಸರೆ. ಮುಳ್ಳು ದನವನ್ನು ತಡೆದೀತು, ಕಣ್ಣನ್ನು ತಡೆಯದು. ಬಚ್ಚಲು ಹಿತ್ತಿಲಲ್ಲಿದ್ದು ಅದಕ್ಕೆ ಸರಿಯಾದ ಗೋಡೆಯಿಲ್ಲದ ಮನೆಯ ಹೆಂಗಸು, ಸ್ನಾನಕ್ಕೆ ನಸುಕನ್ನೋ ಕತ್ತಲನ್ನೋ ಕಾಯಬೇಕಾಗುತ್ತದೆ. ಆಕೆಗೆ ಮರೆಯು ಸೊಗಸಿನ ವಸ್ತುವಲ್ಲ. ಹಗಲಿನ ಹೊತ್ತನ್ನು ಆಕೆಯದನ್ನಾಗಿ ಮಾಡುವ ಸಾಧನ. ನೆರೆಯವನು ಎಷ್ಟೇ ಸಜ್ಜನನಾಗಿರಲಿ, ಆತನ ಸೌಜನ್ಯವನ್ನು ನಂಬಿಯೇ ಆಕೆ ಪ್ರತಿದಿನವೂ ಬಾಳಬೇಕೆಂಬುದು ನ್ಯಾಯವಲ್ಲ.

ಈ ಮಾತನ್ನು ಕಾನೂನು ಸಹ ಬಹುಕಾಲದ ಹಿಂದೆಯೇ ಗುರುತಿಸಿದೆ. 1882ರ ಈಸ್‌ಮೆಂಟ್ ಕಾಯಿದೆಯ 18ನೆಯ ಪ್ರಕರಣವು ರೂಢಿಯಿಂದ ಬಂದ ಹಕ್ಕುಗಳನ್ನು ವಿವರಿಸುವಾಗ, ನೆರೆಮನೆಯ ಒಳಭಾಗ ಕಾಣುವಂತೆ ಹೊಸ ಕಿಟಕಿ ತೆರೆಯಬಾರದೆಂಬ ಊರಿನ ರೂಢಿಯನ್ನೇ ಉದಾಹರಣೆಯಾಗಿ ಕೊಡುತ್ತದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಮರೆಯನ್ನು ಬಯಸುವವನು ಏನನ್ನೋ ಬಚ್ಚಿಡುತ್ತಿದ್ದಾನೆಂಬ ಶಂಕೆಗೆ ಇನ್ನು ಆಧಾರವಿಲ್ಲ.

ಆದರೆ ಹಕ್ಕು ಇದೆಯೆಂದ ಮಾತ್ರಕ್ಕೆ ಅದನ್ನು ಕೊನೆಯ ಅಂಗುಲದವರೆಗೂ ಚಲಾಯಿಸಬೇಕೆಂದಲ್ಲ. ಮಕ್ಕಳು ದೂರದ ಬೆಂಗಳೂರು ಸೇರಿ, ಮುದುಕಿಯೊಬ್ಬಳೇ ಉಳಿದಿರುವ ಮನೆಯನ್ನು ಭಾವಿಸಿ ನೋಡಬಹುದು. ಬೆಳಿಗ್ಗೆ ಆಕೆ ಬಾವಿಕಟ್ಟೆಯ ಬಳಿಗೆ ಬಂದಳೇ ಇಲ್ಲವೇ ಎಂಬುದನ್ನು ಬೇಲಿಯಾಚೆಯ ಕಣ್ಣೊಂದು ತನಗೆ ತಿಳಿಯದೆಯೇ ಗಮನಿಸುತ್ತಿರುತ್ತದೆ. ಆಳೆತ್ತರದ ತಗಡನ್ನು ಉದ್ದಕ್ಕೂ ಬಡಿದರೆ, ಬಚ್ಚಲ ಹಾದಿಯ ಮಾನ ಉಳಿದೀತು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದವಳ ನರಳಾಟವೂ ಅದರೊಡನೆಯೇ ಮರೆಯಾದೀತು. ಕುತೂಹಲದಿಂದ ಇಣಿಕುವ ಕಣ್ಣು ಬೇರೆ, ಕಾಳಜಿಯಿಂದ ಅರಸುವ ಕಣ್ಣು ಬೇರೆ. ತಗಡಿಗೆ ಈ ವಿವೇಕವಿಲ್ಲ. ಆದ್ದರಿಂದ ಆ ವಿವೇಕವನ್ನು ಕಟ್ಟುವವನೇ ಇಟ್ಟುಕೊಳ್ಳಬೇಕು.

ಬಚ್ಚಲ ಎದುರಿಗೆ, ಬಟ್ಟೆ ಒಣಗಿಸುವೆಡೆಗೆ ಮರೆಯಿರಲಿ. ಬಾವಿಯ ಬಳಿ ಬೇಲಿಯು ಎದೆಮಟ್ಟಕ್ಕೆ ನಿಲ್ಲಲಿ. ಕಟ್ಟುವ ಮುನ್ನ ಆಚೆಯವರಿಗೆ ಒಂದು ಮಾತು ತಿಳಿಸಿದರೆ, ಅವರ ಅಂಗಳದ ಬಿಸಿಲು ಗಾಳಿಗಳ ವಿಚಾರವೂ ಅಲ್ಲಿಯೇ ತೀರುತ್ತದೆ. ಸಾಧ್ಯವಿದ್ದಲ್ಲಿ ತಗಡಿಗಿಂತ ಗಿಡವೇ ಲೇಸು. ಇರುವ ಬೇಲಿಯ ಗುಂಟ ಮುಂಗಾರಿನಲ್ಲಿ ಗೊಬ್ಬರದ ಗಿಡದ ಕೋಲುಗಳನ್ನು ಊರಿ, ಅವರೆಯನ್ನೋ ತೊಂಡೆಯನ್ನೋ ಹಬ್ಬಿಸಿದರೆ ಮರೆಯೂ ಆಯಿತು, ಎರಡು ಮನೆಗೂ ಕಾಯಿಯೂ ಆಯಿತು. ಕಳ್ಳಿಯ ಹಾಲು ಕಣ್ಣಿಗೆ ಕೇಡಾದುದರಿಂದ ಮಕ್ಕಳಾಡುವೆಡೆಯಲ್ಲಿ ಅದು ಬೇಡ.

ಕನ್ನಡದಲ್ಲಿ ಮರೆಹೊಗುವುದೆಂದರೆ ಆಶ್ರಯ ಪಡೆಯುವುದೆಂದು ಅರ್ಥ. ಕಣ್ಣಿಗೆ ಅಡ್ಡವಾಗುವುದೂ, ಅಂಜಿದವನನ್ನು ಕಾಯುವುದೂ ಈ ಭಾಷೆಯಲ್ಲಿ ಒಂದೇ ಮಾತು. ಹಿತ್ತಿಲ ಬೇಲಿಗೆ ತಡಿಕೆ ಕಟ್ಟುವ ಕೈಗೆ ಈ ಎರಡನೆಯ ಅರ್ಥವೂ ನೆನಪಿದ್ದರೆ, ಆಚೆಯ ಮನೆಯವರು ಹಗ್ಗದ ಇನ್ನೊಂದು ತುದಿಯನ್ನು ತಾವೇ ಹಿಡಿಯಲು ಬಂದಾರು.