ಕರ್ಣ ಮಾತಾಡದ ಗಳಿಗೆ

ಕೊರಟಗೆರೆ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ‘ಕುರುಕ್ಷೇತ್ರ’ ನಾಟಕದ ಕಾಲ. ಪಾತ್ರ ಬೇಕೆಂದವರು ದುಡ್ಡು ಕಟ್ಟಬೇಕು. ದುರ್ಯೋಧನ, ಕೃಷ್ಣರಂಥ ಪಾತ್ರಗಳಿಗೆ ರೇಟು ಜಾಸ್ತಿ. ದುಡ್ಡು ಕಟ್ಟಿ, ವಾರಗಟ್ಟಲೆ ಪ್ರಾಕ್ಟೀಸ್ ಮಾಡಿ, ನೆಂಟರಿಷ್ಟರನ್ನೆಲ್ಲ ಕರೆಸಿಕೊಂಡವನಿಗೆ ‘ಇಲ್ಲಿ ನೀನು ಸುಮ್ಮನೆ ನಿಂತ್ಕೊಳಪ್ಪ’ ಎಂದು ಯಾವ ಮೇಷ್ಟ್ರು ತಾನೇ ಹೇಳಿಯಾರು? ಹಾಗಾಗಿ ಕುಂತಿ ಬಂದು ‘ನೀನು ನನ್ನ ಮಗ’ ಎಂದೊಡನೆ ಹಾರ್ಮೋನಿಯಂ ಎದ್ದುಬಿಡುತ್ತದೆ, ಕರ್ಣ ಹಾಡಿಗೆ ಹೊರಡುತ್ತಾನೆ. ಒನ್ಸ್ ಮೋರ್ ಬಿದ್ದರೆ ಅದೇ ದುಃಖ ಇನ್ನೊಮ್ಮೆ.

ಹಾಡು ಬೇಡವೆಂದಲ್ಲ. ಹಾಡಿಗೆ ಮುಂಚೆ ಒಂದು ಗಳಿಗೆಯ ಮೌನ ಬೇಕು. ನಾಟಕದ ಜೀವ ಅಲ್ಲಿರುತ್ತದೆ.

ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದ್ದಾನೆ: ರಸವನ್ನು ಹೆಸರು ಹಿಡಿದು ಕರೆದರೆ ಅದು ಬರುವುದಿಲ್ಲ. ‘ನನಗೆ ದುಃಖವಾಗಿದೆ’ ಎಂದು ಕರ್ಣ ನೂರು ಸಲ ಹೇಳಿದರೂ ನೋಡುವವನಿಗೆ ಸಿಗುವುದು ಒಂದು ಸುದ್ದಿ ಮಾತ್ರ. ದುಃಖದ ಕಾರಣ, ಅದರ ಗುರುತು, ನಡುವೆ ಸುಳಿದುಹೋಗುವ ಚಂಚಲ ಭಾವಗಳು, ಇವು ಕೂಡಿದಾಗ ರಸ ತಾನಾಗಿ ಹೊಳೆಯಬೇಕು. ಇದನ್ನು ವಿವರವಾಗಿ ತಿಳಿಯಬೇಕೆನ್ನುವವರಿಗೆ ನಮ್ಮ ಜಿಲ್ಲೆಯವರೇ ಆದ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ ಇದೆ.

ಭರತನ ನಾಟ್ಯಶಾಸ್ತ್ರ ಈ ಗುರುತುಗಳಲ್ಲಿ ಎಂಟನ್ನು ಬೇರೆಯಾಗಿ ಎತ್ತಿಡುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮೈ ಮರಗಟ್ಟುವುದು, ಬೆವರುವುದು, ನಡುಗುವುದು, ಮುಖ ಬಿಳಿಚುವುದು. ಒಂದಕ್ಕೂ ಮಾತು ಬೇಡ. ಮಾತಿಗೆ ಹತ್ತಿರದ್ದೆಂದರೆ ಸ್ವರಭೇದ. ಅಲ್ಲಿಯೂ ದನಿ ಒಡೆದುಹೋಗಿರುತ್ತದೆ.

ಆದರೆ ಒಂದು ತೊಡಕಿದೆ. ಮಾತು ಮರೆತು ಮೈಕಿನ ಮುಂದೆ ನಿಂತ ನಟನೂ ಬೆವರುತ್ತಾನೆ, ನಡುಗುತ್ತಾನೆ, ಬಾಯಿ ಕಟ್ಟಿ ನಿಲ್ಲುತ್ತಾನೆ. ಪರದೆ ಹಿಂದಿನಿಂದ ಮಾತು ಹೇಳಿಕೊಡುತ್ತಾರೆ, ಮುಂದಿನಿಂದ ಶಿಳ್ಳೆ ಬೀಳುತ್ತದೆ. ಕಣ್ಣಿಗೆ ಇವನಿಗೂ ಕರ್ಣನಿಗೂ ಏನು ವ್ಯತ್ಯಾಸ? ವ್ಯತ್ಯಾಸವಿರುವುದು ಹಿಂದೆ ನಡೆದದ್ದರಲ್ಲಿ. ಹೊಳೆಯಲ್ಲಿ ತೇಲಿಬಿಟ್ಟ ಕೂಸು, ರಾಧೆಯ ಮನೆ, ಸೂತಪುತ್ರನೆಂಬ ಹೀಯಾಳಿಕೆ, ಕೈಹಿಡಿದ ದುರ್ಯೋಧನ, ಇಷ್ಟೂ ಸೇರಿ ಆ ಮೌನವನ್ನು ತುಂಬುತ್ತವೆ. ಶಾಸ್ತ್ರದಲ್ಲಿ ಇದೇ ವಿಭಾವ. ಮೌನಕ್ಕೆ ಸ್ವಂತ ಅರ್ಥವಿಲ್ಲ. ಪ್ರೇಕ್ಷಕನ ನೆನಪಿನಿಂದ ಅದು ಅರ್ಥವನ್ನು ಸಾಲ ತರುತ್ತದೆ. ಈ ಲೆಕ್ಕದಲ್ಲಿ ಹೊಸ ಸಾಮಾಜಿಕ ನಾಟಕಗಳಿಗಿಂತ ನಮ್ಮ ಪೌರಾಣಿಕ ನಾಟಕಗಳಿಗೇ ಮೌನ ಸಲೀಸು. ಕರ್ಣನ ಕಥೆ ಗೊತ್ತಿಲ್ಲದವರು ಆ ಪೆಂಡಾಲಿನಲ್ಲಿ ಎಷ್ಟು ಜನ ಸಿಕ್ಕಾರು?

ಗ್ರೀಕರೂ ಇದನ್ನು ಬಲ್ಲವರು. ಕ್ರಿ.ಪೂ. 472ರ ಈಸ್ಕಿಲಸ್‌ನ ನಾಟಕದಲ್ಲಿ ಪರ್ಷಿಯದ ಸೈನ್ಯ ನಾಶವಾದ ಸುದ್ದಿಯನ್ನು ದೂತ ತರುತ್ತಾನೆ. ಮೇಳದವರು ಗೋಳಾಡುತ್ತಾರೆ, ರಾಜಮಾತೆ ಮಾತ್ರ ಬಹಳ ಹೊತ್ತು ತುಟಿ ಬಿಚ್ಚುವುದಿಲ್ಲ. ಮಗ ಬದುಕಿದ್ದಾನೋ ಇಲ್ಲವೋ ಎಂದು ಆಕೆ ಕೇಳಲಾರಳು, ಕೇಳದೆ ಇರಲಾರಳು. ಇದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದವರು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಈಸ್ಕಿಲಸ್ ಪಾತ್ರಗಳನ್ನು ಮುಸುಕು ಹಾಕಿ ಸುಮ್ಮನೆ ಕೂರಿಸುತ್ತಾನೆಂದು ಮುಂದೆ ಅರಿಸ್ಟೋಫನೀಸನ ಪ್ರಹಸನದಲ್ಲಿ ಗೇಲಿಯೂ ಆಯಿತು. ಗೇಲಿಗೆ ಕಾರಣವಿಲ್ಲದಿಲ್ಲ: ಮೌನವೂ ಚಟವಾದರೆ ಬರೀ ಗಿಮಿಕ್ಕು. ಈಚಿನ ಕೆಲವು ಹವ್ಯಾಸಿ ನಾಟಕಗಳಲ್ಲಿ ನೀಲಿ ಬೆಳಕು ಬಿಟ್ಟು ನಿಮಿಷಗಟ್ಟಲೆ ನಿಲ್ಲುವವರನ್ನು ಕಂಡಾಗ ನನಗೂ ಹಾಗೆ ಅನ್ನಿಸಿದೆ.

ಈ ಸಲ ನಾಟಕ ಕಲಿಸುತ್ತಿರುವ ಮೇಷ್ಟ್ರುಗಳಲ್ಲಿ ಒಂದು ಅರಿಕೆ. ಕುಂತಿಯ ಮಾತು ಮುಗಿದಾಗ ಹಾರ್ಮೋನಿಯಂ ಮೇಲಿಂದ ಕೈ ತೆಗೆದು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಆಮೇಲೆ ಹಾಡು ಎತ್ತಿಕೊಳ್ಳಿ. ಕರ್ಣನ ಪಾತ್ರಧಾರಿ ಕಟ್ಟಿದ ದುಡ್ಡಿಗೇನೂ ಮೋಸವಾಗುವುದಿಲ್ಲ.