ಚಿತ್ರದ ಕುದುರೆಯೇರಿ ಬಂದ ಯಾತ್ರಿಕರು

ಟೋಕಿಯೋದ ಉತ್ತರಕ್ಕೆ, ಸೈತಾಮಾ ಪ್ರಾಂತ್ಯದಲ್ಲಿ ವಾಶಿನೋಮಿಯಾ ಎಂಬ ಊರಿದೆ. ಅಲ್ಲಿನ ಶಿಂತೋ ದೇಗುಲ ಇಡೀ ಕಾಂತೋ ಸೀಮೆಯಲ್ಲೇ ಹಳೆಯದು ಎಂಬುದು ಊರವರ ಹೆಮ್ಮೆ. 2007ರ ಹೊಸ ವರ್ಷದ ಮೊದಲ ಮೂರು ದಿನ ಅಲ್ಲಿಗೆ ಬಂದವರು ಸುಮಾರು 90,000 ಮಂದಿ. ಮರುವರ್ಷ ಅದೇ ಮೂರು ದಿನ ಬಂದವರು 3 ಲಕ್ಷ. 2010ರ ಹೊತ್ತಿಗೆ ಅದು 4.5 ಲಕ್ಷ ಮುಟ್ಟಿತ್ತು. ನಡುವೆ ದೇವರು ಹೊಸ ಪವಾಡವನ್ನೇನೂ ತೋರಿರಲಿಲ್ಲ. 2007ರ ಏಪ್ರಿಲ್‌ನಲ್ಲಿ ಟಿವಿಯಲ್ಲಿ ‘ಲಕಿ ಸ್ಟಾರ್’ ಎಂಬ ಅನಿಮೆ ಸರಣಿ ಶುರುವಾಗಿತ್ತು, ಅಷ್ಟೆ. ಅದರಲ್ಲಿ ಬರುವ ಹೀರಾಗಿ ಮನೆತನದ ಅವಳಿ ಹುಡುಗಿಯರು ಒಬ್ಬ ಅರ್ಚಕರ ಮಕ್ಕಳು. ಅವರ ದೇಗುಲವನ್ನು ವಾಶಿನೋಮಿಯಾ ನೋಡಿಕೊಂಡೇ ಬಿಡಿಸಲಾಗಿತ್ತು.

ಜಪಾನಿನ ದೇಗುಲಗಳಲ್ಲಿ ಹರಕೆ ಬರೆದು ತೂಗುಹಾಕುವ ಮರದ ಪುಟ್ಟ ಹಲಗೆಗೆ ಎಮಾ ಎನ್ನುತ್ತಾರೆ. ಮಗು ಪಾಸಾಗಲಿ, ಅಮ್ಮನ ಮಂಡಿನೋವು ಹೋಗಲಿ ಎಂದು ಬರೆಯುವ ಹಲಗೆಯ ಪಕ್ಕದಲ್ಲೇ ಅಭಿಮಾನಿಗಳ ಹಲಗೆಗಳೂ ನೇತಾಡತೊಡಗಿದವು. ಅವುಗಳ ಮೇಲೆ ದೊಡ್ಡ ಕಣ್ಣಿನ, ಜಡೆಯ ಹುಡುಗಿಯರ ಚಿತ್ರ. ಕೆಳಗೆ ಜಪಾನಿ, ಚೀನೀ, ಕೊರಿಯನ್, ಇಂಗ್ಲಿಷ್ ಸಾಲುಗಳು. 2008ರಲ್ಲಿ ಊರಿನ ಆಡಳಿತ ಒಂದು ಹೆಜ್ಜೆ ಮುಂದೆ ಹೋಗಿ, ಹೀರಾಗಿ ಕುಟುಂಬಕ್ಕೆ ವಿಶೇಷ ನಿವಾಸ ಪತ್ರವನ್ನೇ ಕೊಟ್ಟಿತು. ಹುಟ್ಟದೇ ಇರುವವರು ಊರಿನ ಲೆಕ್ಕಕ್ಕೆ ಸೇರಿದರು.

ಇಂಥ ಓಡಾಟಕ್ಕೆ ಜಪಾನಿನಲ್ಲಿ ‘ಸೇಚಿ ಜುನ್ರೆ’, ಪುಣ್ಯಕ್ಷೇತ್ರಗಳ ಯಾತ್ರೆ ಎಂದೇ ಹೆಸರು. 2016ರಲ್ಲಿ ಮಕೊತೊ ಶಿಂಕಾಯ್ ಅವರ ‘ಯುವರ್ ನೇಮ್’ ತೆರೆಕಂಡ ಮೇಲೆ ಅದು ವರ್ಷದ ಹತ್ತು ಜನಪ್ರಿಯ ಮಾತುಗಳ ಪಟ್ಟಿಗೂ ಸೇರಿತು. ಈಗ ಈ ಯಾತ್ರೆಗೆ ಹೊರದೇಶದವರೂ ಬರುತ್ತಾರೆ. 2024ರಲ್ಲಿ ಜಪಾನಿಗೆ ಬಂದ ವಿದೇಶಿಯರು ಸುಮಾರು 3 ಕೋಟಿ 69 ಲಕ್ಷ. ಅವರಲ್ಲಿ ಅನಿಮೆ ನೋಡಿ ಬೆಳೆದವರ ದಾರಿ ಹೆಚ್ಚುಕಡಿಮೆ ಒಂದೇ: ಟೋಕಿಯೋದ ಯೋತ್ಸುಯಾದಲ್ಲಿ ಸುಗಾ ದೇಗುಲದ ಪಕ್ಕದ ಮೆಟ್ಟಿಲು, ಅಕಿಹಾಬಾರಾದ ಹತ್ತಿರದ ಕಾಂದಾ ಮ್ಯೋಜಿನ್ ದೇಗುಲ, ಕಾಮಾಕುರಾದ ಕಡಲತೀರದ ರೈಲ್ವೆ ಗೇಟು, ಗಿಫು ಪ್ರಾಂತ್ಯದ ಹಿದಾ ಫುರುಕಾವಾ. ಕಾಂದಾದಲ್ಲಿ ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಬಾಯಿ ತೊಳೆದು, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವ ಬ್ರೆಜಿಲ್ ಅಥವಾ ಇಂಡೊನೇಷ್ಯಾದ ಹುಡುಗ ಯಾರಿಗೆ ಬಾಗುತ್ತಿದ್ದಾನೆ? ಅಲ್ಲಿ ನೆಲೆಸಿದ ಮೂವರು ದೇವರ ಹೆಸರು ಅವನಿಗೆ ಗೊತ್ತಿರುವುದು ಅನುಮಾನ. ‘ಲವ್ ಲೈವ್!’ ಸರಣಿಯಲ್ಲಿ ಅದೇ ಅಂಗಳ ಗುಡಿಸುವ ನೊಜೊಮಿ ಮಾತ್ರ ಚೆನ್ನಾಗಿ ಗೊತ್ತು. ಅವಳು ಇಲ್ಲ ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತು.

ಇದೆಲ್ಲ ಬರೀ ಪ್ರವಾಸ, ಯಾತ್ರೆಯ ವೇಷ ಹಾಕಿದ ವ್ಯಾಪಾರ ಎಂಬುದು ಮೊದಲ ಆಕ್ಷೇಪ. ವ್ಯಾಪಾರವಂತೂ ನಿಜ. 2016ರಲ್ಲಿ ಹುಟ್ಟಿದ ಅನಿಮೆ ಟೂರಿಸಂ ಅಸೋಸಿಯೇಷನ್ ದೇಶದುದ್ದಕ್ಕೂ 88 ತಾಣಗಳನ್ನು ಆರಿಸುತ್ತದೆ. ಆ ಸಂಖ್ಯೆ ಶಿಕೊಕು ದ್ವೀಪದ 88 ದೇವಾಲಯಗಳ ಯಾತ್ರೆಯಿಂದ ಎತ್ತಿಕೊಂಡದ್ದು. ಆದರೆ ವ್ಯಾಪಾರದ ಕೈ ತಾಗದ ಯಾತ್ರೆ ಜಪಾನಿನಲ್ಲಿ ಎಂದಾದರೂ ಇತ್ತೇ? ಎದೋ ಕಾಲದಲ್ಲಿ ಇಸೆ ದೇಗುಲದ ‘ಒಂಶಿ’ಗಳು ಹಳ್ಳಿಹಳ್ಳಿಗೆ ಹೋಗಿ ತಾಯಿತ ಹಂಚಿ, ಭಕ್ತರನ್ನು ಗುಂಪುಗೂಡಿಸಿ, ಇಸೆಗೆ ಬಂದಾಗ ತಮ್ಮ ಮನೆಯಲ್ಲೇ ಇಳಿಸಿಕೊಂಡು ಊಟೋಪಚಾರ ಮಾಡುತ್ತಿದ್ದರು. ಪುರೋಹಿತರೂ ಅವರೇ, ಟ್ರಾವೆಲ್ ಏಜೆಂಟರೂ ಅವರೇ. 1830ರ ಒಂದೇ ವರ್ಷದಲ್ಲಿ ಇಸೆಗೆ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಹೋದರೆಂಬ ಅಂದಾಜಿದೆ. ಆಗ ಜಪಾನಿನ ಜನಸಂಖ್ಯೆಯೇ ಮೂರು ಕೋಟಿಯ ಆಸುಪಾಸು. ದಾರಿಯ ತಿಂಡಿ, ಪಾನ, ಚೇಷ್ಟೆಗಳನ್ನೇ ಹಾಸ್ಯದ ಸರಕು ಮಾಡಿಕೊಂಡ ಜಿಪ್ಪೆನ್ಶಾ ಇಕ್ಕು ಅವರ ಪುಸ್ತಕಗಳು ಆ ಕಾಲದಲ್ಲಿ ಬಿಸಿದೋಸೆಯಂತೆ ಮಾರಾಟವಾದವು. ಅವುಗಳ ನಾಯಕರಿಬ್ಬರೂ ಹೊರಟದ್ದು ಇಸೆ ಯಾತ್ರೆಗೇ. ಹೀಗಾಗಿ ಮೋಜು ಬೆರೆತಿದೆ, ದುಡ್ಡು ಬೆರೆತಿದೆ ಎಂಬ ಕಾರಣಕ್ಕೆ ಅಭಿಮಾನಿಯನ್ನು ಯಾತ್ರಿಕರ ಸಾಲಿನಿಂದ ಹೊರಗೆ ಹಾಕುವಂತಿಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಇಸೆಗೆ ಹೋದವನು ಅಲ್ಲಿ ಸೂರ್ಯದೇವಿ ಅಮತೆರಾಸು ಇದ್ದಾಳೆ ಎಂದು ನಂಬಿ ಹೋದ. ಅಭಿಮಾನಿ ನಂಬುವುದಿಲ್ಲ. ನಂಬಿಕೆಯೇ ಇಲ್ಲದ ಕಡೆ ಭಾವ ಎಲ್ಲಿಂದ ಬರುತ್ತದೆ? ಬ್ರಿಟಿಷ್ ತತ್ತ್ವಜ್ಞ ಕಾಲಿನ್ ರ್‍ಯಾಡ್‌ಫರ್ಡ್ 1975ರಲ್ಲಿ ಇದೇ ಪ್ರಶ್ನೆಯನ್ನು ಕಾದಂಬರಿಯ ನಾಯಕಿ ಆನಾ ಕರೆನಿನಾಳನ್ನು ಮುಂದಿಟ್ಟುಕೊಂಡು ಕೇಳಿದರು: ಇಲ್ಲವೆಂದು ಗೊತ್ತಿರುವ ಹೆಂಗಸಿಗಾಗಿ ನಾವು ಮರುಗುವುದರಲ್ಲಿ ಅಸಂಗತಿ ಇಲ್ಲವೇ? ಇದೆ ಎಂಬುದೇ ಅವರ ತೀರ್ಮಾನ. ಅದಕ್ಕೆ ಸಾವಿರ ವರ್ಷಕ್ಕೂ ಮುಂಚೆ ಕಾಶ್ಮೀರದ ಶ್ರೀಶಂಕುಕ ಬೇರೊಂದು ಉತ್ತರ ಕೊಟ್ಟಿದ್ದ. ರಂಗದ ಮೇಲೆ ರಾಮನಾಗಿ ನಿಂತ ನಟನನ್ನು ಕಂಡಾಗ ನಮಗಾಗುವ ತಿಳಿವು ನಿಜಜ್ಞಾನವಲ್ಲ, ಭ್ರಮೆಯಲ್ಲ, ಸಂಶಯವಲ್ಲ, ‘ರಾಮನ ಹಾಗಿದ್ದಾನೆ’ ಎಂಬ ಹೋಲಿಕೆಯೂ ಅಲ್ಲ. ಗೋಡೆಯ ಮೇಲೆ ಬರೆದ ಕುದುರೆಯನ್ನು ತೋರಿಸಿ ಮಗು ‘ಕುದುರೆ’ ಎಂದಾಗ ಅದು ಸುಳ್ಳು ಹೇಳುವುದೂ ಇಲ್ಲ, ಮೋಸ ಹೋಗುವುದೂ ಇಲ್ಲ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿದವರಿಗೆ ಈ ಚಿತ್ರತುರಗ ನ್ಯಾಯ ಹೊಸದಲ್ಲ. ಬಣ್ಣ ಮತ್ತು ಗೆರೆಗಳಲ್ಲಷ್ಟೇ ಬದುಕಿರುವ ಹುಡುಗಿಗೆ ಇದಕ್ಕಿಂತ ಒಪ್ಪುವ ನ್ಯಾಯ ಸಿಗಲಾರದು.

ಆದರೆ ಅದು ಅರ್ಧ ದಾರಿಗಷ್ಟೇ ಕರೆದೊಯ್ಯುತ್ತದೆ. ಶಂಕುಕನನ್ನು ಒಪ್ಪದ ಅಭಿನವಗುಪ್ತನ ಪ್ರಕಾರ ರಸಾನುಭವದಲ್ಲಿ ‘ಇಂಥ ಊರು, ಇಂಥ ಕಾಲ’ ಎಂಬ ಗೆರೆಗಳೇ ಕರಗುತ್ತವೆ. ದುಷ್ಯಂತನ ಬಾಣಕ್ಕೆ ಬೆದರಿ ಓಡುವ ಜಿಂಕೆಯ ಭಯ ಆ ಜಿಂಕೆಯದಷ್ಟೇ ಅಲ್ಲ, ಯಾರದೂ ಅಲ್ಲದ ಬರೀ ಭಯ. ಅಭಿಮಾನಿ ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಕರಗಿದ ಊರನ್ನು ಅವನು ಮತ್ತೆ ಹುಡುಕುತ್ತಾನೆ, ಮೊಬೈಲ್‌ನಲ್ಲಿ ದೃಶ್ಯದ ಚಿತ್ರ ಹಿಡಿದು, ಅದೇ ಕಂಬ ಅದೇ ಮೂಲೆಗೆ ಬರುವವರೆಗೆ ಹಿಂದೆ ಮುಂದೆ ಸರಿಯುತ್ತಾನೆ. ಹದಿನಾರನೆಯ ಶತಮಾನದಲ್ಲಿ ಚೈತನ್ಯರ ಅನುಯಾಯಿಗಳು ವ್ರಜದಲ್ಲಿ ಕೃಷ್ಣಲೀಲೆಯ ಒಂದೊಂದು ಕೊಳ, ಒಂದೊಂದು ತೋಪನ್ನೂ ಗುರುತಿಸಿದ್ದು ಇಂಥದೇ ಹಂಬಲದಿಂದ. ರಸಕ್ಕೆ ಊರು ಬೇಡ, ಭಕ್ತಿಗೆ ಬೇಕು. ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣಕ್ಕೆ ಮಾಲ್ಗುಡಿಯನ್ನು ನೋಡಲು ಹೋಗುವವರಿಗೂ ಅದು ಆರ್.ಕೆ. ನಾರಾಯಣ್ ಕಟ್ಟಿದ ಊರು, ಶಂಕರ್‌ನಾಗ್ ಚಿತ್ರೀಕರಿಸಿದ ಊರು ಎಂಬುದು ಗೊತ್ತು, ಆದರೂ ಹೋಗುತ್ತಾರೆ.

ಜಪಾನಿನ ನೆಲ ಈ ಹಂಬಲಕ್ಕೆ ಬಾಗಿಲು ತೆರೆದಿಟ್ಟಿದೆ. ಅಲ್ಲಿ ಧರ್ಮವೆಂದರೆ ಒಪ್ಪಿ ಸಹಿ ಹಾಕುವ ತತ್ತ್ವಪಟ್ಟಿಯಲ್ಲ. ಸರ್ಕಾರದ ಸಂಸ್ಕೃತಿ ಇಲಾಖೆ ಧಾರ್ಮಿಕ ಸಂಸ್ಥೆಗಳಿಂದ ಲೆಕ್ಕ ತೆಗೆದುಕೊಂಡಾಗ ಅನುಯಾಯಿಗಳ ಮೊತ್ತ ದೇಶದ ಜನಸಂಖ್ಯೆಯನ್ನೇ ಮೀರುತ್ತದೆ. ಒಬ್ಬರೇ ಶಿಂತೋ ದೇಗುಲದ ಲೆಕ್ಕದಲ್ಲೂ ಬೌದ್ಧ ಮಠದ ಲೆಕ್ಕದಲ್ಲೂ ಇರುತ್ತಾರೆ. ಹದಿನೆಂಟನೆಯ ಶತಮಾನದ ವಿದ್ವಾಂಸ ಮೊತೋರಿ ನೊರಿನಾಗಾ ‘ಕಾಮಿ’, ಅಂದರೆ ಶಿಂತೋ ದೈವ, ಎಂದರೇನು ಎಂಬುದನ್ನು ವಿವರಿಸುವಾಗ ಬೆಟ್ಟ, ಕಡಲು, ಮರ, ಪ್ರಾಣಿ, ಮನುಷ್ಯ ಯಾವುದೇ ಆಗಲಿ, ಸಾಮಾನ್ಯವನ್ನು ಮೀರಿ ಬೆರಗು ಹುಟ್ಟಿಸಿದರೆ ಅದು ಕಾಮಿ ಎಂದ. ಒಳ್ಳೆಯದೇ ಆಗಿರಬೇಕೆಂದೂ ಇಲ್ಲ.

ನಾರಾ ಪ್ರಾಂತ್ಯದ ಯಾಗ್ಯೂ ಕಾಡಿನಲ್ಲಿ ನಡುವೆ ಸೀಳಿದ ಒಂದು ಭಾರೀ ಬಂಡೆಯಿದೆ. ಖಡ್ಗವೀರ ಯಾಗ್ಯೂ ಮುನೆಯೊಶಿ ತೆಂಗು ಎಂಬ ಬೆಟ್ಟದ ಭೂತದೊಡನೆ ಕಾದಾಡುತ್ತ ಒಂದೇ ಏಟಿಗೆ ಕಡಿದನಂತೆ. ಬೆಳಗ್ಗೆ ನೋಡಿದರೆ ಭೂತವಿಲ್ಲ, ಸೀಳಿದ ಕಲ್ಲಿತ್ತಂತೆ. ‘ಡೀಮನ್ ಸ್ಲೇಯರ್’ ಸರಣಿಯ ತಾಂಜಿರೊ ಕೂಡ ಬಂಡೆ ಸೀಳುತ್ತಾನೆ. ಇಷ್ಟು ಸಾಕಾಯಿತು, ಆಟದ ಕತ್ತಿ, ಚೌಕಳಿ ಅಂಗಿಗಳು ಕಾಡಿಗೆ ಬಂದವು. ಈಗ ಅಲ್ಲಿ ಕಲ್ಲು ಒಂದು, ಕತೆ ಎರಡು. ಮೊದಲನೆಯದನ್ನು ಪುರಾಣ, ಎರಡನೆಯದನ್ನು ಮನರಂಜನೆ ಎಂದು ಬೇರ್ಪಡಿಸುವ ಗೆರೆ ವಯಸ್ಸಿನದಷ್ಟೇ.

ಹಾಗಾದರೆ ಎಲ್ಲವೂ ಯಾತ್ರೆಯೇ? ಕಾಮಾಕುರಾಕೋಕೋಮಾಯೆ ನಿಲ್ದಾಣದ ಪಕ್ಕದ ರೈಲ್ವೆ ಗೇಟಿಗೆ ಹೋದವರು ಹಾಗೆನ್ನಲು ಹಿಂಜರಿಯುತ್ತಾರೆ. ಏನೊದೆನ್ ಎಂಬ ಪುಟ್ಟ ರೈಲು ಕಡಲಿಗೆ ಅಂಟಿಕೊಂಡೇ ಒಂಟಿ ಹಳಿಯ ಮೇಲೆ ಸಾಗುತ್ತದೆ. 1993ರ ‘ಸ್ಲ್ಯಾಮ್ ಡಂಕ್’ ಟಿವಿ ಸರಣಿಯ ಶೀರ್ಷಿಕೆ ದೃಶ್ಯದಲ್ಲಿ ಇದೇ ಗೇಟಿದೆ. ಗಂಟೆ ಬಾರಿಸಿ, ಗೇಟಿನ ಕೋಲು ಇಳಿದು, ಹಸಿರು ಡಬ್ಬಿಗಳು ಹಾದುಹೋಗುವ ಆ ಕೆಲವು ಸೆಕೆಂಡುಗಳಿಗಾಗಿ ನೂರಾರು ಮಂದಿ ಕಾಯುತ್ತಾರೆ. ರಸ್ತೆಗೇ ಇಳಿಯುತ್ತಾರೆ, ಕಾರುಗಳು ಹಾರ್ನ್ ಹೊಡೆಯುತ್ತವೆ, ಕಾವಲಿಗೆ ನಿಂತವರು ಕೈ ಬೀಸಿ ಹಿಂದೆ ಕಳಿಸುತ್ತಾರೆ. ಅದೇ ರೈಲಿನಲ್ಲಿ ಎರಡು ನಿಲ್ದಾಣ ಮುಂದೆ ಹೋದರೆ ಏನೋಶಿಮಾ. ಆ ದ್ವೀಪದ ದೇಗುಲದಲ್ಲಿ ವೀಣೆಯಂಥ ಬಿವಾ ಹಿಡಿದು ಕುಳಿತವಳು ಬೆನ್‌ಜೈತೆನ್, ಅಂದರೆ ನಮ್ಮ ಸರಸ್ವತಿಯೇ. ‘ಸುವರ್ಣಪ್ರಭಾಸ ಸೂತ್ರ’ದಂಥ ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಬಂದ ಅವಳೂ ಒಂದು ಕಾಲಕ್ಕೆ ಹೊರದೇಶದ ಕತೆಯ ಪಾತ್ರ. ಅವಳನ್ನು ಈ ನೆಲದವಳನ್ನಾಗಿ ಮಾಡಿದ್ದು ಅವಳಿಗೆ ದೀಪ ಹಚ್ಚಿದ, ಹಬ್ಬ ಮಾಡಿದ, ಗುಡಿಗೆ ಹೆಂಚು ಹೊದಿಸಿದ ತಲೆಮಾರುಗಳು.

ಗೇಟಿಗೂ ಗುಡಿಗೂ ಇರುವ ವ್ಯತ್ಯಾಸ ಇಲ್ಲೇ ಸಿಗುತ್ತದೆ. ಪೂಜೆಗೊಳ್ಳುವವರು ಇದ್ದಾರೋ ಇಲ್ಲವೋ ಎಂದು ಅಳೆಯುವುದಕ್ಕಿಂತ ಹೋದವನ ಮೇಲೆ ಆ ಜಾಗದ ಋಣ ಬೀಳುತ್ತದೆಯೇ ಎಂದು ಕೇಳುವುದು ಲೇಸು. ಕೋಯಾ ಬೆಟ್ಟದಲ್ಲಿ ಬೌದ್ಧ ಗುರು ಕೂಕಾಯ್ 835ರಿಂದ ಸಮಾಧಿಯಲ್ಲಿ ಧ್ಯಾನಸ್ಥನಾಗಿದ್ದಾನೆ ಎಂಬ ನಂಬಿಕೆಯಿದೆ. ಭಿಕ್ಷುಗಳು ಇಂದಿಗೂ ದಿನಕ್ಕೆರಡು ಸಲ ಮರದ ಪೆಟ್ಟಿಗೆಯಲ್ಲಿ ಅವನಿಗೆ ಬಿಸಿ ಊಟ ಹೊತ್ತೊಯ್ಯುತ್ತಾರೆ. ಅವರಲ್ಲಿ ಯಾರ ಮನಸ್ಸಿನಲ್ಲಿ ಎಷ್ಟು ನಂಬಿಕೆಯಿದೆ ಎಂದು ಯಾರೂ ಕೇಳುವುದಿಲ್ಲ. ಊಟ ಮಾತ್ರ ಹೊತ್ತಿಗೆ ಸರಿಯಾಗಿ ಹೋಗಬೇಕು.

ವಾಶಿನೋಮಿಯಾದ ಅಭಿಮಾನಿಗಳೂ ಇಂಥದೊಂದು ಹೊರೆಯನ್ನು ಹೆಗಲಿಗೇರಿಸಿಕೊಂಡರು. 2008ರಿಂದ ಸೆಪ್ಟೆಂಬರಿನ ಹಾಜಿ ಹಬ್ಬದಲ್ಲಿ ಊರಿನ ಹಳೆಯ ಮಿಕೋಶಿಯ, ಅಂದರೆ ದೇವರ ಪಲ್ಲಕ್ಕಿಯ, ಜೊತೆಗೆ ಅನಿಮೆ ಹುಡುಗಿಯರ ಚಿತ್ರ ಹೊತ್ತ ಇನ್ನೊಂದು ಪಲ್ಲಕ್ಕಿಯೂ ಹೊರಟಿತು. ಹೊತ್ತವರು ಅಭಿಮಾನಿಗಳು, ಹೊರುವುದನ್ನು ಕಲಿಸಿದವರು ಊರವರು. 2011ರ ಸುನಾಮಿಯಲ್ಲಿ ಪೆಟ್ಟುತಿಂದ ಇಬಾರಾಕಿಯ ಬಂದರು ಊರು ಓಆರಾಯ್ ಮರುವರ್ಷ ‘ಗರ್ಲ್ಸ್ ಉಂಡ್ ಪಾನ್ಸರ್’ ಸರಣಿಗೆ ನೆಲೆಯಾಯಿತು. ಅಲ್ಲಿನ ಒಂದೊಂದು ಅಂಗಡಿಯ ಮುಂದೆ ಒಂದೊಂದು ಪಾತ್ರದ ಆಳೆತ್ತರದ ರಟ್ಟಿನ ಬೊಂಬೆ ನಿಂತಿದೆ. ಬೊಂಬೆ ನೋಡಲು ಬಂದವರಿಗೆ ಅಂಗಡಿಯ ಅಜ್ಜಿಯ ಪರಿಚಯವಾಗಿ, ಮುಂದಿನ ಸಲ ಅಜ್ಜಿಗಾಗಿಯೇ ಬಂದರು. ಕೆಲವರು ಮನೆಯನ್ನೇ ಆ ಊರಿಗೆ ಬದಲಿಸಿದರು.

ವಿದೇಶಿ ಅಭಿಮಾನಿಗೆ ಇಂಥ ಋಣ ಹೊರುವುದು ಸುಲಭವಲ್ಲ. ವೀಸಾ ಮುಗಿಯುತ್ತದೆ, ಭಾಷೆ ಬಾರದು, ಮತ್ತೆ ಬರುವುದು ಜೇಬಿಗೆ ಬಿಟ್ಟದ್ದು. ಏಕದೇವೋಪಾಸಕ ಮನೆಯ ಹುಡುಗಿಗಂತೂ ದೇಗುಲದೆದುರು ಬಾಗುವುದೇ ನಿಜವಾದ ಧರ್ಮಸಂಕಟ. ಬೆಂಗಳೂರಿನಿಂದ ಹೋದವನಿಗೆ ಕೈ ತಾನಾಗಿ ಮುಗಿಯುತ್ತದೆ. ಇವರಿಬ್ಬರಲ್ಲಿ ಆ ಜಾಗವನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಂಡವಳು ಬಾಗಲು ಅಳುಕಿದವಳೇ ಇರಬಹುದು. ಅಳುಕೇ ಇಲ್ಲದ ಜನಜಂಗುಳಿಯಿಂದ ರೋಸಿಹೋದ ದೇಗುಲಗಳೂ ಇವೆ. ತ್ಸುಶಿಮಾ ದ್ವೀಪದ ವಾತಾಜುಮಿ ದೇಗುಲ 2025ರಲ್ಲಿ, ಪ್ರವಾಸಿಗರ ಅಗೌರವದಿಂದ ಬೇಸತ್ತು, ಭಕ್ತಿಯಿಂದ ಬರುವವರನ್ನು ಬಿಟ್ಟು ಮಿಕ್ಕವರಿಗೆ ಪ್ರವೇಶವಿಲ್ಲ ಎಂದು ಸಾರಿತು.

ಈ ಋಣದ ಲೆಕ್ಕ ಅತ್ಯಂತ ಕಠಿಣವಾಗುವ ಜಾಗ ಕ್ಯೋತೋದ ಫುಶಿಮಿಯಲ್ಲಿದೆ. 2019ರ ಜುಲೈ 18ರಂದು ಅಲ್ಲಿನ ಕ್ಯೋತೋ ಅನಿಮೇಶನ್ ಸ್ಟುಡಿಯೋಗೆ ದುಷ್ಕರ್ಮಿಯೊಬ್ಬ ಬೆಂಕಿ ಹಚ್ಚಿದ. 36 ಮಂದಿ ಸತ್ತರು. ‘ಲಕಿ ಸ್ಟಾರ್’ ನಿರ್ದೇಶಿಸಿದ ಯಾಸುಹಿರೊ ತಾಕೆಮೊತೊ ಅವರಲ್ಲಿ ಒಬ್ಬರು. ಚಿತ್ರದ ಹುಡುಗಿಯರು ಇಲ್ಲದವರು ನಿಜ, ಆದರೆ ಬರೆದ ಕೈಗಳು ಇದ್ದವು, ಸುಟ್ಟುಹೋದವು. ಜಗತ್ತಿನ ಮೂಲೆಮೂಲೆಯಿಂದ ಹೂವು, ಹಣ, ಪತ್ರಗಳು ಬಂದವು. ಅಭಿಮಾನಿಗಳಿಗೆ ಇದಕ್ಕಿಂತ ಪವಿತ್ರವಾದ ನೆಲ ಇನ್ನೊಂದಿಲ್ಲ. ಆದರೆ ಅದು ಜನವಸತಿಯ ಬೀದಿ. ಸ್ಮಾರಕ ಕಟ್ಟಿದರೆ ಬರುವ ಜನಸಂದಣಿಯಲ್ಲಿ ತಮ್ಮ ನೆಮ್ಮದಿ ಹಾಳಾಗುತ್ತದೆ, ಇಲ್ಲಿ ಕಟ್ಟಬೇಡಿ ಎಂದು ನೆರೆಹೊರೆಯವರು ಕೇಳಿಕೊಂಡರು. ಕಟ್ಟಡವನ್ನು 2020ರಲ್ಲಿ ಕೆಡವಲಾಯಿತು. ಸ್ಮಾರಕ ಶಿಲೆ 2024ರಲ್ಲಿ ಎದ್ದದ್ದು ಪಕ್ಕದ ಊಜಿ ನಗರದಲ್ಲಿ, ಅದೇ ಸ್ಟುಡಿಯೋದ ‘ಸೌಂಡ್! ಯುಫೋನಿಯಂ’ ಕತೆ ನಡೆಯುವ ಊರಿನಲ್ಲಿ. ಹೂವು ಇಡಬೇಕೆನ್ನುವವರು ಊಜಿಗೆ ಹೋಗಬಹುದು. ಫುಶಿಮಿಯ ಆ ಬೀದಿಯ ಮಟ್ಟಿಗೆ ಅಲ್ಲಿ ಬದುಕುತ್ತಿರುವವರು ಯಾತ್ರಿಕರಿಂದ ಕೇಳಿಕೊಂಡಿರುವುದು ಒಂದೇ: ಬರಬೇಡಿ.